ಎಷ್ಟನೇ ಸ್ಥಾನ ಅನ್ನೋದಕ್ಕಿಂತ ಯಾವ ವಾರ ಅಂತ ನೋಡಿ

ಹಾಡುಗಳ ಬಿಡುಗಡೆ ಮತ್ತು ಚಾರ್ಟ್ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಚಾರ್ಟ್ ಅಂದರೆ ಯಾವ ಹಾಡು ಎಷ್ಟು ಓಡಿತು ಅಂತ ವಾರವಾರ ಬರುವ ಸ್ಥಾನಪಟ್ಟಿ. ಹಾಡು ಕಟ್ಟುವವರು, ಹಾಡುವವರು, ಅವರ ಮ್ಯಾನೇಜರ್‌ಗಳು, ಒಮ್ಮೊಮ್ಮೆ ಅವರ ಅಪ್ಪ ಅಮ್ಮ ಕೂಡ ಬಂದು ಕೇಳುವ ಪ್ರಶ್ನೆ ಒಂದೇ. "ಇಷ್ಟು ಒಳ್ಳೆ ಹಾಡು, ಯಾಕೆ ಮೇಲೆ ಹೋಗಲಿಲ್ಲ?" ಕೇಳುವುದರಲ್ಲಿ ತಪ್ಪಿಲ್ಲ. ನನ್ನ ತಾಳ್ಮೆ ಕೆಡುವುದು ಅದರ ಹಿಂದೆಯೇ ಬರುವ ಮಾತಿಗೆ. "ಹಾಗಾದರೆ ಜನಕ್ಕೆ ಇಷ್ಟ ಆಗಲಿಲ್ಲ ಅಂತಾಯ್ತು."

ಹಾಗೇನೂ ಆಗಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪೀಕ್ ಅಂದರೆ ಒಂದು ಹಾಡು ಮುಟ್ಟಿದ ಅತಿ ಮೇಲಿನ ಸ್ಥಾನ. ಅದು ಒಂದು ವಾರದ ಸಂಗತಿ. ಆ ಏಳು ದಿನಗಳಲ್ಲಿ ಆ ಹಾಡಿಗಿಂತ ವೇಗವಾಗಿ ಓಡಿದ ಹಾಡುಗಳು ಎಷ್ಟಿದ್ದವು ಅನ್ನುವುದನ್ನು ಅದು ಹೇಳುತ್ತದೆ, ಅಷ್ಟೇ. ಪರೀಕ್ಷೆಯ ರ‍್ಯಾಂಕ್ ನೆನಪಿಸಿಕೊಳ್ಳಿ. 98 ತೆಗೆದವಳ ಪಕ್ಕದಲ್ಲಿ 99 ತೆಗೆದವಳು ಕೂತಿದ್ದರೆ 98ಕ್ಕೆ ಎರಡನೇ ರ‍್ಯಾಂಕ್. ಇನ್ನೊಂದು ವರ್ಷ 70ಕ್ಕೇ ಮೊದಲ ರ‍್ಯಾಂಕ್ ಸಿಗಬಹುದು. ರ‍್ಯಾಂಕ್ ಎಷ್ಟು ಅಂತ ಕೇಳಿ ಅಂಕ ಎಷ್ಟು ಅಂತ ಹೇಳುವುದು ಸಾಧ್ಯವೇ ಇಲ್ಲ, ಅಲ್ವಾ? ಆದರೆ ಹಾಡಿನ ವಿಷಯದಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ.

ಬ್ರಿಟನ್‌ನಲ್ಲಿ ಈ ಮಾತು ಬಂದಾಗಲೆಲ್ಲ ಮೊದಲು ಬಾಯಿಗೆ ಬರುವ ಹೆಸರು ಅಲ್ಟ್ರಾವಾಕ್ಸ್ ತಂಡದ 'ವಿಯೆನ್ನಾ'. 1981ರ ಆರಂಭದಲ್ಲಿ ಅದು ನಾಲ್ಕು ವಾರ ಎರಡನೇ ಸ್ಥಾನದಲ್ಲೇ ನಿಂತಿತು. ಮೊದಲ ವಾರ ಅದರ ಮೇಲಿದ್ದದ್ದು ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್ ಹಾಡು. ಲೆನನ್ ಕೊಲೆಯಾಗಿ ಆಗಿನ್ನೂ ಎರಡು ತಿಂಗಳಾಗಿತ್ತು, ಇಡೀ ದೇಶ ಆತನ ರೆಕಾರ್ಡ್ ಕೊಳ್ಳುತ್ತಿತ್ತು. ಮುಂದಿನ ಮೂರು ವಾರ ಜೋ ಡಾಲ್ಚೆಯ ತಮಾಷೆ ಹಾಡು 'ಶಡಪ್ ಯು ಫೇಸ್' ಮೇಲೆ ಕೂತಿತು. ನಲವತ್ತು ವರ್ಷ ಕಳೆದರೂ ಜನ ಇದನ್ನು ಅನ್ಯಾಯ ಅನ್ನುತ್ತಾರೆ. 2013ರಲ್ಲಿ ಬಿಬಿಸಿ ರೇಡಿಯೋ 2 ಕೇಳುಗರು ಮತ ಹಾಕಿ, ಎರಡರಲ್ಲಿ ನಿಂತ ಹಾಡುಗಳಲ್ಲಿ ಇದೇ ಮೆಚ್ಚಿನದು ಅಂತ ಆರಿಸಿದರು. ಅದಕ್ಕೆ ಗೌರವ ನಂಬರ್ ಒನ್ ಪಟ್ಟವೂ ಸಿಕ್ಕಿತು.

ನನಗೂ 'ವಿಯೆನ್ನಾ' ಬಹಳ ಇಷ್ಟ. ಆದರೆ ಅನ್ಯಾಯ ಅನ್ನುವವರ ಜೊತೆ ನಾನು ಪೂರ್ತಿ ಸೇರುವುದಿಲ್ಲ. ಜೋ ಡಾಲ್ಚೆ ಯಾರಿಂದಲೂ ಏನನ್ನೂ ಕಸಿದುಕೊಳ್ಳಲಿಲ್ಲ. ಆ ಮೂರು ವಾರ ಅವರ ಹಾಡನ್ನು ಜಾಸ್ತಿ ಜನ ಕೊಂಡರು, ಅಷ್ಟೇ. ತಮಾಷೆ ಹಾಡಿನ ಗುಣವೇ ಅದು. ಎಲ್ಲರಿಗೂ ಒಂದೇ ಸಲ ಬೇಕಾಗುತ್ತದೆ, ಆಮೇಲೆ ಯಾರಿಗೂ ಬೇಡ. ಒಂದೇ ಸಲ ಬೇಕಾಗುವ ಹಾಡಿಗೆ ವಾರದ ಚಾರ್ಟ್ ಹೇಳಿ ಮಾಡಿಸಿದ ಜಾಗ.

ಬೀಟಲ್ಸ್‌ಗೇ ಹೀಗಾಗಿದೆ ಅಂದರೆ ಕೆಲವರು ನಂಬುವುದಿಲ್ಲ. 1963ರಿಂದ ಅವರ ಸಿಂಗಲ್‌ಗಳು (ಆಲ್ಬಮ್‌ನಿಂದ ಬೇರೆಯಾಗಿ, ಬಿಡಿಯಾಗಿ ಮಾರುವ ಹಾಡುಗಳು) ಬ್ರಿಟನ್‌ನಲ್ಲಿ ಒಂದರ ಹಿಂದೆ ಒಂದು ಮೊದಲ ಸ್ಥಾನಕ್ಕೆ ಹೋಗುತ್ತಿದ್ದವು. 1967ರ ಫೆಬ್ರುವರಿಯಲ್ಲಿ 'ಪೆನ್ನಿ ಲೇನ್' ಮತ್ತು 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎರಡನ್ನೂ ಒಂದೇ ರೆಕಾರ್ಡಿನಲ್ಲಿ ಬಿಟ್ಟರು. ಪಾಪ್ ಸಂಗೀತದಲ್ಲಿ ಒಂದೇ ತಟ್ಟೆಯ ಎರಡೂ ಬದಿಗೆ ಇಷ್ಟು ದೊಡ್ಡ ಹಾಡುಗಳು ಬಂದದ್ದು ಬಲು ಅಪರೂಪ. ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ 'ರಿಲೀಸ್ ಮಿ' ಅದನ್ನು ಎರಡರಲ್ಲೇ ತಡೆಯಿತು. ಕೆಲವು ತಿಂಗಳು ಕಳೆದು ಕಿಂಕ್ಸ್ ತಂಡದ 'ವಾಟರ್‌ಲೂ ಸನ್‌ಸೆಟ್' ಕೂಡ ಎರಡಕ್ಕೆ ಬಂದು ನಿಂತಿತು. ಒಂದೇ ವರ್ಷದಲ್ಲಿ ಇಂಥ ಎರಡು!

ಅಮೆರಿಕದ ಮುಖ್ಯ ಚಾರ್ಟ್ ಆದ ಹಾಟ್ 100ರಲ್ಲಂತೂ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ಕಥೆ ಕೇಳಿದವರು ತಲೆ ಚಚ್ಚಿಕೊಳ್ಳುತ್ತಾರೆ. 1969 ಮತ್ತು 1970ರಲ್ಲಿ ಅವರ ಐದು ಸಿಂಗಲ್‌ಗಳು ಎರಡನೇ ಸ್ಥಾನ ಮುಟ್ಟಿದವು. ಒಂದೂ ಒಂದಕ್ಕೆ ಹೋಗಲಿಲ್ಲ. 'ಪ್ರೌಡ್ ಮೇರಿ' ಹೋಗಲಿಲ್ಲ. 'ಬ್ಯಾಡ್ ಮೂನ್ ರೈಸಿಂಗ್' ಹೋಗಲಿಲ್ಲ, ಆದರೆ ಅದೇ ಹಾಡು ಬ್ರಿಟನ್‌ನಲ್ಲಿ ನಂಬರ್ ಒನ್. ಹಾಡು ಅದೇ, ವರ್ಷ ಅದೇ. ಬದಲಾದದ್ದು ಪಕ್ಕದಲ್ಲಿ ಓಡುತ್ತಿದ್ದ ಹಾಡುಗಳು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡಿದ 'ಡಾನ್ಸಿಂಗ್ ಇನ್ ದ ಡಾರ್ಕ್' 1984ರಲ್ಲಿ ಪ್ರಿನ್ಸ್‌ನ 'ವೆನ್ ಡವ್ಸ್ ಕ್ರೈ' ಎದುರು ಎರಡರಲ್ಲಿ ನಿಂತಿತು. ಅದಕ್ಕೆ ಯಾರನ್ನು ದೂರುವುದು? ಎರಡೂ ಆ ದಶಕದ ದೊಡ್ಡ ಹಾಡುಗಳೇ.

ಇಲ್ಲಿಯವರೆಗೂ ಹೇಳಿದ್ದು ಜೊತೆಗೆ ಓಡುತ್ತಿದ್ದ ಹಾಡುಗಳಿಂದ ಆದ ತಡೆ. ಇನ್ನೊಂದು ತಡೆ ಇದೆ, ಅದು ನಿಯಮದ್ದು. ಇದನ್ನು ಹೇಳಿದಾಗ ನನ್ನ ಎದುರು ಕೂತವರ ಮುಖವೇ ಬದಲಾಗುತ್ತದೆ. ಚಾರ್ಟ್ ಅನ್ನುವುದು ತಾನಾಗಿ ಆಗುವ ಲೆಕ್ಕ ಅಂತ ಅವರು ಅಂದುಕೊಂಡಿರುತ್ತಾರೆ. ಆದರೆ ಏನನ್ನು ಎಣಿಸಬೇಕು, ಎಷ್ಟು ತೂಕ ಕೊಡಬೇಕು ಅಂತ ಯಾರೋ ಕೂತು ತೀರ್ಮಾನಿಸಿರುತ್ತಾರೆ. 1952ರಲ್ಲಿ ಬ್ರಿಟನ್‌ನ ಮೊದಲ ಚಾರ್ಟ್ ತಯಾರಾದದ್ದು ಪತ್ರಿಕೆಯೊಂದರ ಕಚೇರಿಯಿಂದ ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ. ಅಮೆರಿಕದ ಹಾಟ್ 100ಕ್ಕೆ ಅಂಗಡಿಯ ಬಾರ್‌ಕೋಡ್ ಲೆಕ್ಕ ಬಂದದ್ದು 1991ರ ಕೊನೆಯಲ್ಲಿ. ಅಲ್ಲಿಯವರೆಗೆ ಅಂಗಡಿಯವರು ಬಾಯಲ್ಲಿ ಹೇಳಿದ್ದೇ ಲೆಕ್ಕ.

ನಿಯಮ ಎಷ್ಟು ದೂರ ಹೋಗಬಹುದು ನೋಡಿ. 1998ರ ಡಿಸೆಂಬರ್‌ವರೆಗೆ ಹಾಟ್ 100ಕ್ಕೆ ಸೇರಬೇಕಾದರೆ ಹಾಡು ಅಂಗಡಿಯಲ್ಲಿ ಸಿಂಗಲ್ ಆಗಿ ಮಾರಾಟಕ್ಕೆ ಇರಲೇಬೇಕಿತ್ತು. ಕಂಪನಿಗಳಿಗೆ ಬೇಕಿದ್ದದ್ದು ಜನ ಪೂರ್ತಿ ಆಲ್ಬಮ್ ಕೊಳ್ಳುವುದು. ಹಾಗಾಗಿ ಸಿಂಗಲ್ ಮಾರುವುದನ್ನೇ ಬಿಟ್ಟು, ಹಾಡನ್ನು ರೇಡಿಯೋಗೆ ಮಾತ್ರ ಕೊಡುತ್ತಿದ್ದರು. ನೋ ಡೌಟ್ ತಂಡದ 'ಡೋಂಟ್ ಸ್ಪೀಕ್' ರೇಡಿಯೋ ಪ್ರಸಾರವನ್ನಷ್ಟೇ ಎಣಿಸುವ ಅಮೆರಿಕದ ಏರ್‌ಪ್ಲೇ ಚಾರ್ಟ್‌ನಲ್ಲಿ 16 ವಾರ ಮೊದಲ ಸ್ಥಾನದಲ್ಲಿತ್ತು. ಹಾಟ್ 100ರಲ್ಲಿ ಅದರ ಪೀಕ್ ಎಷ್ಟು? ಏನೂ ಇಲ್ಲ. ಪಟ್ಟಿಗೇ ಸೇರಲಿಲ್ಲ. ನಟಾಲಿ ಇಂಬ್ರೂಲಿಯಾ ಹಾಡಿದ 'ಟಾರ್ನ್' 11 ವಾರ ಏರ್‌ಪ್ಲೇಯಲ್ಲಿ ಒಂದನೇ ಸ್ಥಾನದಲ್ಲಿತ್ತು. ನಿಯಮ ಬದಲಾಗುವ ಹೊತ್ತಿಗೆ ಹಾಡಿನ ಬಿಸಿ ಆರಿತ್ತು, ಹಾಟ್ 100ರಲ್ಲಿ ಸಿಕ್ಕಿದ್ದು 42. ಮುಂದೆ ಯಾರಾದರೂ ಆ ಪಟ್ಟಿ ಮಾತ್ರ ನೋಡಿದರೆ 'ಟಾರ್ನ್' ಒಂದು ಸಾಧಾರಣ ಹಾಡು ಅಂದುಕೊಳ್ಳುತ್ತಾರೆ. ಆ ವರ್ಷ ರೇಡಿಯೋ ಹಾಕಿದರೆ ಅದರಿಂದ ತಪ್ಪಿಸಿಕೊಳ್ಳೋಕೇ ಆಗುತ್ತಿರಲಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು ಅನ್ನಬೇಡಿ. ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' 1985ರಲ್ಲಿ ಬ್ರಿಟನ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂದಿತ್ತು. 2022ರಲ್ಲಿ ಒಂದು ಟಿವಿ ಸರಣಿಯಲ್ಲಿ ಬಂದ ಮೇಲೆ ಹೊಸ ತಲೆಮಾರು ಅದಕ್ಕೆ ಮುಗಿಬಿತ್ತು. ಆದರೆ ಬ್ರಿಟನ್ ಚಾರ್ಟ್‌ನಲ್ಲಿ ಹಳೆಯ ಹಾಡಿನ ಸ್ಟ್ರೀಮ್‌ಗಳಿಗೆ, ಅಂದರೆ ಆನ್‌ಲೈನ್‌ನಲ್ಲಿ ಕೇಳಿದ ಲೆಕ್ಕಕ್ಕೆ, ಅರ್ಧ ಬೆಲೆ. ಹಳೆಯ ಹಾಡುಗಳೇ ಪಟ್ಟಿ ತುಂಬಿಕೊಂಡು ಹೊಸಬರಿಗೆ ಜಾಗ ಇಲ್ಲದಂತಾಗಬಾರದು ಅನ್ನುವುದು ಉದ್ದೇಶ, ಒಳ್ಳೆಯದೇ. ಹಾಗಾಗಿ ಕೇಟ್ ಬುಷ್ ಹಾಡಿನ ಸ್ಟ್ರೀಮ್‌ಗಳೇ ಜಾಸ್ತಿ ಇದ್ದರೂ ಒಂದು ವಾರ ಅದು ಹ್ಯಾರಿ ಸ್ಟೈಲ್ಸ್ ಹಾಡಿನ ಕೆಳಗೆ ಎರಡರಲ್ಲಿ ನಿಂತಿತು. ಆಮೇಲೆ ಚಾರ್ಟ್ ನಡೆಸುವವರು ವಿನಾಯಿತಿ ಕೊಟ್ಟರು, ಪೂರ್ತಿ ಬೆಲೆಗೆ ಎಣಿಸಿದರು. ಮುಂದಿನ ಚಾರ್ಟ್‌ನಲ್ಲೇ ನಂಬರ್ ಒನ್, 37 ವರ್ಷದ ನಂತರ. ಕೇಳುವವರು ಅವರೇ, ಕೇಳುವ ಹಾಡೂ ಅದೇ. ಬದಲಾದದ್ದು ಗುಣಾಕಾರ.

ಇನ್ನು ನಿಧಾನದ ಹಾಡುಗಳು. ಇವುಗಳ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಕಿಲ್ಲರ್ಸ್ ತಂಡದ 'ಮಿಸ್ಟರ್ ಬ್ರೈಟ್‌ಸೈಡ್' 2004ರಲ್ಲಿ ಬ್ರಿಟನ್‌ನಲ್ಲಿ ಮುಟ್ಟಿದ್ದು ಹತ್ತನೇ ಸ್ಥಾನ. ಆ ವಾರ ಮೇಲಿದ್ದ ಒಂಬತ್ತು ಹಾಡುಗಳಲ್ಲಿ ಎಷ್ಟನ್ನು ಇವತ್ತು ಯಾರಾದರೂ ಗುನುಗುತ್ತಾರೆ? ಬ್ರೈಟ್‌ಸೈಡ್ ಟಾಪ್ 100ರಲ್ಲಿ 400ಕ್ಕೂ ಹೆಚ್ಚು ವಾರ ಕಳೆದಿದೆ. ಮೊದಲ ಸ್ಥಾನ ಮುಟ್ಟದ ಹಾಡುಗಳಲ್ಲಿ ಬ್ರಿಟನ್‌ನಲ್ಲಿ ಇದೇ ಅತಿ ದೊಡ್ಡದು ಅಂತ 2024ರಲ್ಲಿ ಚಾರ್ಟ್ ಸಂಸ್ಥೆಯೇ ಘೋಷಿಸಿತು. ಅಲ್ಲಿಯವರೆಗೆ ಆ ಜಾಗದಲ್ಲಿದ್ದದ್ದು ಒಯಾಸಿಸ್‌ನ 'ವಂಡರ್‌ವಾಲ್'. ಸ್ನೋ ಪೆಟ್ರೋಲ್ ತಂಡದ 'ಚೇಸಿಂಗ್ ಕಾರ್ಸ್' ಪೀಕ್ ಆರು. ಈ ಶತಮಾನದಲ್ಲಿ ಬ್ರಿಟನ್ ರೇಡಿಯೋದಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ಹಾಡು ಅಂತ 2019ರಲ್ಲಿ ಅದಕ್ಕೆ ಹೆಸರು ಬಂತು.

ಹಿಂದೊಮ್ಮೆ ನನ್ನ ಬಳಿ ಒಂದು ಹುಡುಗರ ತಂಡ ಬಂದಿತ್ತು. ಮೊದಲ ಸಿಂಗಲ್ ಪಟ್ಟಿಯ ತೀರಾ ಕೆಳಗೆ ಕಾಣಿಸಿಕೊಂಡು ಮುಂದಿನ ವಾರ ಮಾಯವಾಗಿತ್ತು. ಆ ಹಾಡನ್ನು ಆಲ್ಬಮ್‌ನಿಂದಲೇ ತೆಗೆಯಬೇಕು ಅಂತ ಅವರ ಹಟ. ನಾನು ಹೇಳಿದೆ, ಸ್ಥಾನ ಬಿಡಿ, ವಾರದಿಂದ ವಾರಕ್ಕೆ ಎಷ್ಟು ಇಳಿದಿದೆ ತೋರಿಸಿ. ನೋಡಿದರೆ ಇಳಿದೇ ಇರಲಿಲ್ಲ. ಮೊದಲ ವಾರ ಎಷ್ಟು ಜನ ಕೇಳಿದ್ದರೋ ಏಳನೇ ವಾರವೂ ಹೆಚ್ಚು ಕಡಿಮೆ ಅಷ್ಟೇ ಜನ. ಅದರಲ್ಲೂ ಬಹಳ ಮಂದಿ ಹಾಡಿನ ಹೆಸರು ಟೈಪ್ ಮಾಡಿ ಹುಡುಕಿಕೊಂಡು ಬಂದವರು, ಯಾವುದೋ ಪ್ಲೇಲಿಸ್ಟ್‌ನಲ್ಲಿ ತಾನಾಗಿ ಎದುರಾದದ್ದನ್ನು ಕೇಳಿದವರಲ್ಲ. ಕೇಳುಗರ ಲೆಕ್ಕದ ನಕ್ಷೆಯಲ್ಲಿ ಈ ಥರ ಇಳಿಯದ ಗೆರೆ ಕಂಡರೆ ನನಗೆ ಬೇರೆ ಯಾವ ಸುದ್ದಿಯೂ ಬೇಡ. ಹಾಡನ್ನು ಉಳಿಸಿಕೊಂಡರು. ಈಗ ಅವರ ಎಲ್ಲ ಕಾರ್ಯಕ್ರಮದಲ್ಲೂ ಜನ ಕೂಗಿ ಕೇಳುವುದು ಅದನ್ನೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಳಗೆ ನಿಂತ ಹಾಡೆಲ್ಲ ಒಳ್ಳೆಯ ಹಾಡು ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಹಾಡುಗಳು ಕೆಳಗೆ ನಿಲ್ಲುವುದು ಯಾರಿಗೂ ಬೇಡವಾದ್ದರಿಂದಲೇ. ಅವುಗಳ ಗೆರೆ ಎರಡನೇ ವಾರಕ್ಕೇ ನೆಲ ಕಚ್ಚುತ್ತದೆ. ನಿಮ್ಮ ಹಾಡು ಯಾವ ಗುಂಪಿನದು ಅಂತ ಮೊದಲ ವಾರದಲ್ಲಿ ನಾನೂ ಹೇಳಲಾರೆ, ಬೇರೆ ಯಾರೂ ಹೇಳಲಾರರು. ಆರೇಳು ವಾರ ಕಾಯಬೇಕು. ಕೆಲವು ಹಾಡಿಗೆ ಅದೂ ಸಾಲದು.

ನಿಮ್ಮ ಪ್ರಕಾರ ಯಾವುದು ಮೇಲೆ ಹೋಗಬೇಕಿತ್ತು ಅಂತ ನನ್ನನ್ನೂ ಕೇಳುತ್ತಾರೆ. ನನ್ನ ಉತ್ತರ ಬೀಚ್ ಬಾಯ್ಸ್ ತಂಡದ 'ಗಾಡ್ ಓನ್ಲಿ ನೋಸ್'. ಫ್ರೆಂಚ್ ಹಾರ್ನ್‌ನಿಂದ ಶುರು. ಪ್ರೇಮಗೀತೆ, ಆದರೆ ಮೊದಲ ಸಾಲೇ ನಾನು ನಿನ್ನನ್ನು ಸದಾ ಪ್ರೀತಿಸದೇ ಇರಬಹುದು ಅನ್ನುತ್ತದೆ. ಕೇಳುವವರು ಬೆಚ್ಚಿ ಕಿವಿ ಕೊಡುತ್ತಾರೆ. ಅಷ್ಟರಲ್ಲಿ ಕಾರ್ಲ್ ವಿಲ್ಸನ್ ಅವರ ದನಿ, ಎಲ್ಲೂ ಒತ್ತಾಯ ಮಾಡದೆ, ಮುಂದಿನ ಮಾತಿಗೆ ಕರೆದುಕೊಂಡು ಹೋಗುತ್ತದೆ. ಸ್ವರಗಳು ಒಂದು ಶ್ರುತಿಯಲ್ಲಿ ಗಟ್ಟಿಯಾಗಿ ಕೂರುವುದೇ ಇಲ್ಲ. ಮನೆ ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿರುತ್ತದೆ. ಕೊನೆಯಲ್ಲಿ ದನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುತ್ತವೆ, ಹಾಡು ಮುಗಿಯದೆ ದೂರ ಹೋಗುತ್ತದೆ. ಇದೆಲ್ಲ ಮೂರು ನಿಮಿಷದೊಳಗೆ.

1966ರಲ್ಲಿ ಅಮೆರಿಕದಲ್ಲಿ ಇದು ಮುಟ್ಟಿದ್ದು 39. ಯಾಕೆ ಅಂದರೆ ಅಲ್ಲಿ ಇದನ್ನು 'ವುಡನ್ಟ್ ಇಟ್ ಬಿ ನೈಸ್' ರೆಕಾರ್ಡಿನ ಬಿ-ಸೈಡ್‌ಗೆ, ಅಂದರೆ ಮುಖ್ಯ ಹಾಡಿನ ಹಿಂಬದಿಗೆ, ಹಾಕಿದ್ದರು. ಹೆಸರಿನಲ್ಲೇ ದೇವರಿದ್ದರೆ ರೇಡಿಯೋದವರು ಹಿಂಜರಿಯುತ್ತಾರೆ ಅನ್ನುವ ಭಯ ಇತ್ತು. ಬ್ರಿಟನ್‌ನಲ್ಲಿ ಎ-ಸೈಡ್, ಅಂದರೆ ಮುಖ್ಯ ಹಾಡು, ಮಾಡಿದರು, ಎರಡನೇ ಸ್ಥಾನಕ್ಕೆ ಬಂತು. ಆಗ ಮೇಲೆ ಕೂತಿದ್ದವರು ಬೀಟಲ್ಸ್, 'ಯೆಲ್ಲೋ ಸಬ್‌ಮರೀನ್' ಮತ್ತು 'ಎಲಿನಾರ್ ರಿಗ್ಬಿ' ಇಟ್ಟುಕೊಂಡು. ಆರು ತಿಂಗಳಾಗುವಷ್ಟರಲ್ಲಿ ಹಂಪರ್‌ಡಿಂಕ್ ಎದುರು ನಿಂತವರೂ ಅವರೇ. ಅದೇ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತಮ್ಮ ಅತಿ ಮೆಚ್ಚಿನ ಹಾಡು ಅಂತ ಹೇಳುತ್ತಾ ಬಂದಿರುವುದು ಬೀಚ್ ಬಾಯ್ಸ್‌ನ ಈ ಹಾಡನ್ನೇ.

ಅದರ ಎರಡನೇ ಸ್ಥಾನವನ್ನು ನಾನು ಒಪ್ಪಬಲ್ಲೆ. 39 ಅನ್ನು ಒಪ್ಪಲಾರೆ. ಅದು ಬಿಡುಗಡೆ ಮಾಡುವವರ ತೀರ್ಮಾನದಿಂದ ಬಂದ ಅಂಕಿ. ಹಾಗೆಯೇ ಲಾಸ್ ತಂಡದ 'ದೇರ್ ಶಿ ಗೋಸ್'. ಗಿಟಾರಿನ ಆ ಒಂದು ತಿರುವು, ಅದರ ಮೇಲೆ ಅದೇ ಪಲ್ಲವಿ ಮತ್ತೆ ಮತ್ತೆ, ಚರಣ ಅನ್ನುವುದೇ ಇಲ್ಲ. 1988ರಲ್ಲಿ ಬ್ರಿಟನ್‌ನಲ್ಲಿ 59. 1990ರಲ್ಲಿ ಮತ್ತೆ ಬಿಟ್ಟರು, 13. ಅಮೆರಿಕದಲ್ಲಿ 49. ಅದನ್ನೇ ಇನ್ನೊಂದು ತಂಡ 1999ರಲ್ಲಿ ಹಾಡಿ ಅಲ್ಲಿ 32ಕ್ಕೆ ಒಯ್ದಿತು. ಮುಂದಿನ ಸಲ ನನ್ನ ಬಳಿ ಬರುವವರು ನಿಮ್ಮ ಹಾಡಿನ ಸ್ಥಾನ ಹೇಳುವ ಮೊದಲು ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡು ಬನ್ನಿ. ನಾಲ್ಕೂ ಒಂದೇ ಹಾಡಿನವು. ಇವುಗಳಲ್ಲಿ ಯಾವುದು ಅದರ ಯೋಗ್ಯತೆ ಅಂತ ನೀವೇ ತೋರಿಸಿ, ಆಮೇಲೆ ನಿಮ್ಮ ಹಾಡಿನ ಮಾತಾಡೋಣ.