ನೀಲಿ ನಾಲಿಗೆ ರೋಗ: ನಾಟಿ ಕುರಿಯೂ ಯಾಕೆ ಬೀಳುತ್ತದೆ?

ಚಳ್ಳಕೆರೆ ಸಂತೆಯಲ್ಲಿ ಕುರಿ ಕೊಳ್ಳುವವರು ಹಲ್ಲು ನೋಡುತ್ತಾರೆ, ಬೆನ್ನು ಮುಟ್ಟಿ ಮಾಂಸ ಅಂದಾಜು ಮಾಡುತ್ತಾರೆ. ಆಮೇಲೆ ಒಂದು ಮಾತು: ‘ನಾಟಿನಾ, ಕ್ರಾಸಾ?’ ನಾಟಿ ಕುರಿ ಸುಲಭಕ್ಕೆ ರೋಗಕ್ಕೆ ಜಗ್ಗಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಅದು ಸುಳ್ಳಲ್ಲ, ಅರ್ಧ ನಿಜ.

ನೀಲಿ ನಾಲಿಗೆ ವೈರಸ್ಸನ್ನು ಹರಡುವುದು ಸೊಳ್ಳೆಗಿಂತ ಚಿಕ್ಕದಾದ, ರಕ್ತ ಹೀರುವ ನೊರಜು. ಕುರಿಗೆ ಜ್ವರ ಬರುತ್ತದೆ, ಜೊಲ್ಲು ಸುರಿಯುತ್ತದೆ, ತುಟಿ, ಮುಖ ಊದುತ್ತವೆ. ಗೊರಸಿನ ಮೇಲಂಚು ಕೆಂಪಾಗಿ ಕುಂಟುತ್ತದೆ. ಮೇವು ಹುಡುಕಿ ಊರೂರು ಅಲೆಯುವ ಮಂದೆಗೆ ಈ ಕುಂಟೇ ದೊಡ್ಡ ಏಟು. ಅಂದ ಹಾಗೆ, ನಾಲಿಗೆ ನೀಲಿಯಾಗುವುದು ಎಲ್ಲೋ ಕೆಲವಕ್ಕೆ ಮಾತ್ರ.

ರೋಗ ಮೊದಲು ಕಣ್ಣಿಗೆ ಬಿದ್ದದ್ದು ದಕ್ಷಿಣ ಆಫ್ರಿಕಾದಲ್ಲಿ. 18ನೇ ಶತಮಾನದ ಕೊನೆಗೆ ಯುರೋಪಿನಿಂದ ಅಲ್ಲಿಗೆ ಉಣ್ಣೆಗಾಗಿ ಮೆರಿನೋ ಕುರಿ ತಂದರು. ಅಲ್ಲಿಯ ಪ್ರಾಣಿಗಳಲ್ಲಿ ಸದ್ದಿಲ್ಲದೆ ಸುತ್ತುತ್ತಿದ್ದ ವೈರಸ್ ಮೆರಿನೋಗಳನ್ನು ಕೆಡವಿತು. 1906ರಲ್ಲಿ ಅಲ್ಲಿಯ ಪಶುವೈದ್ಯ ವಿಜ್ಞಾನಿ ಥೈಲರ್ ಇದು ವೈರಸ್ ಎಂದು ತೋರಿಸಿದರು.

ನಮ್ಮ ಕಡೆಯೂ ಹೆಚ್ಚುಕಡಿಮೆ ಹೀಗೇ ಆಯಿತು. ಡೆಕ್ಕನಿ ಕುರಿಯ ಒರಟು ಉಣ್ಣೆ ಕಂಬಳಿಗೆ ಸರಿ, ನಯವಾದ ಬಟ್ಟೆಗೆ ಆಗದು. ಹಾಗಾಗಿ ನಯವಾದ ಉಣ್ಣೆಯ ವಿದೇಶಿ ತಳಿಗಳಾದ ಮೆರಿನೋ, ರಾಂಬುಲೆ ಟಗರು ತಂದು ಕ್ರಾಸ್ ಮಾಡಿದರು. ಭಾರತದಲ್ಲಿ ನೀಲಿ ನಾಲಿಗೆ ಮೊದಲು ವರದಿಯಾದದ್ದು 1964ರಲ್ಲಿ, ಮಹಾರಾಷ್ಟ್ರದಿಂದ. ಆಮೇಲೆ ಸುಮಾರು ವರ್ಷ ಹೆಚ್ಚಾಗಿ ಬಿದ್ದದ್ದು ವಿದೇಶಿ ತಳಿ, ಮಿಶ್ರ ತಳಿ. ‘ನಾಟಿಗೆ ಏನೂ ಆಗಲ್ಲ’ ಎಂಬ ಮಾತು ಗಟ್ಟಿಯಾಗಲು ಇಷ್ಟು ಸಾಕಲ್ವಾ?

1981ರಿಂದ ಈ ಲೆಕ್ಕ ತಪ್ಪಿತು. ಮಹಾರಾಷ್ಟ್ರ, ಆಮೇಲೆ ದಕ್ಷಿಣದ ರಾಜ್ಯಗಳಲ್ಲಿ ನಾಟಿ ಕುರಿಗಳೇ ದೊಡ್ಡ ಸಂಖ್ಯೆಯಲ್ಲಿ ಮಲಗತೊಡಗಿದವು. ಈ ವೈರಸ್‌ನಲ್ಲಿ 20ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆ ಬಂದು ಹೋದ ಕುರಿಗೆ ಇನ್ನೊಂದು ಬಗೆಯಿಂದ ರಕ್ಷಣೆ ಸಿಗುವುದು ಕಡಿಮೆ. ನಾಟಿ ಮರಿಗೆ ಗಿಣ್ಣು ಹಾಲಿನಲ್ಲೇ ತಾಯಿಯಿಂದ ಸ್ವಲ್ಪ ರಕ್ಷಣೆ ಬರುತ್ತದೆ. ಅದು ಇಳಿಯುವ ಮೊದಲೇ ವೈರಸ್ ತಗುಲಿದರೆ ಮರಿ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ, ಆ ಬಗೆಗೆ ತನ್ನದೇ ರಕ್ಷಣೆಯನ್ನೂ ಬೆಳೆಸಿಕೊಳ್ಳುತ್ತದೆ. ಪರಊರಿನ ಕುರಿಗೆ ಈ ಅನುಕೂಲ ಇಲ್ಲ. ಅಂದರೆ ನಾಟಿಯ ಗಟ್ಟಿತನದಲ್ಲಿ ರಕ್ತದ ಪಾಲಿನ ಜೊತೆಗೆ ಹುಟ್ಟಿ ಬೆಳೆದ ಜಾಗದ ಪಾಲೂ ಇದೆ. ಬರ ಬಿದ್ದ ವರ್ಷ ಕೆಸರಿಲ್ಲ, ನೊರಜೂ ಕಡಿಮೆ. ಮರಿಗಳು ವೈರಸ್ಸನ್ನು ಕಾಣದೇ ಬೆಳೆಯುತ್ತವೆ. ಮುಂದೆ ಒಳ್ಳೆ ಮಳೆ ಬಂದ ವರ್ಷ ಅವೇ ಬೀಳುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನಂಥ ಒಣ ಸೀಮೆಯಲ್ಲಿ ಇದು ಜಾಸ್ತಿ ಗಮನಿಸಬೇಕಾದ ವಿಷಯ ಅಂತ ನನ್ನ ಎಣಿಕೆ.

ಮೇಕೆ, ದನಕ್ಕೂ ಈ ವೈರಸ್ ಅಂಟುತ್ತದೆ, ಆದರೆ ಹೆಚ್ಚಿನವು ಆರಾಮಾಗಿಯೇ ಮೇಯುತ್ತಿರುತ್ತವೆ. ಕುರಿ, ಮೇಕೆಗಳಲ್ಲಿ ಒಂದರಿಂದ ಒಂದಕ್ಕೆ ಅಂಟುವ ಇನ್ನೊಂದು ವೈರಸ್ ರೋಗ ಪಿಪಿಆರ್‌ನಲ್ಲಿ ಇದು ಉಲ್ಟಾ. 1942ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಗುರುತಿಸಿದ ಆ ರೋಗ ಸಾಮಾನ್ಯವಾಗಿ ಮೇಕೆಗೇ ಜೋರು. ಅಲ್ಲಿಯ ಕುಳ್ಳ ಮೇಕೆಗಳು ಸಹಾರಾ ಮರಳುಗಾಡಿನ ದಕ್ಷಿಣಕ್ಕಿರುವ ಸಹೇಲ್ ಸೀಮೆಯ ಎತ್ತರದ ಮೇಕೆಗಳಿಗಿಂತ ಹೆಚ್ಚು ಸಾಯುತ್ತವೆ. ಆದರೂ ಭಾರತದಲ್ಲಿ ಅದು ಮೊದಲು ಸಿಕ್ಕಿದ್ದು 1987ರಲ್ಲಿ ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ! ತಳಿ, ಜಾತಿ ನೋಡಿ ಭವಿಷ್ಯ ಹೇಳುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಈಗ ಉಣ್ಣೆ ಕೇಳುವವರಿಲ್ಲ, ಮಾಂಸಕ್ಕೆ ಬೆಲೆ. ಬಳ್ಳಾರಿ ಕುರಿಯ ಮಂದೆಗೆ ಡಾರ್ಪರ್, ನಾರಿ ಸುವರ್ಣದಂಥ ಬೇರೆ ತಳಿಯ ಟಗರು ಬಿಡುವವರಿದ್ದಾರೆ. ಬಿಡಲಿ. ಕೊಳ್ಳುವಾಗ ತಳಿಯ ಜೊತೆಗೆ ಎಲ್ಲಿ ಬೆಳೆದದ್ದು, ಯಾವ ಲಸಿಕೆ ಆಗಿದೆ ಅಂತಲೂ ಕೇಳಬೇಕು. ನೀಲಿ ನಾಲಿಗೆಗೆ ಐದು ಬಗೆಯ ವೈರಸ್ ತಡೆಯುವ ಒಂದೇ ಲಸಿಕೆ ದೇಶದಲ್ಲೇ ತಯಾರಾಗಿದೆ. ಅದನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಬೇಕು. ಹೊಸ ಕುರಿಯನ್ನು ಕೆಲವು ವಾರ ಬೇರೆ ರೊಪ್ಪದಲ್ಲಿ ಇಟ್ಟರೆ ಪಿಪಿಆರ್ ಹರಡುವುದನ್ನು ತಪ್ಪಿಸಬಹುದು. ನೊರಜಿಗೆ ರೊಪ್ಪದ ಬೇಲಿ ಲೆಕ್ಕಕ್ಕಿಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಕುರಿಗಳು ಕೆಸರು, ಸಗಣಿ ತಿಪ್ಪೆ, ದನದ ಕೊಟ್ಟಿಗೆಯಿಂದ ದೂರ ಇರಬೇಕು.