ಫೋರ್ತ್ ಸೀಟ್‌ನಲ್ಲಿ ಕುಳಿತ ಮಕ್ಕಳು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಮುಂಬಯಿಯ ಉಪನಗರವೊಂದರ ಕನ್ನಡ ಸಂಘದ ಹಾಲ್‌ನಲ್ಲಿ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದನೆಯ ಚೌಕ ಬರೆದಿದ್ದೇವೆ. ಅದು ಲೋಕಲ್ ರೈಲಿನ ಡಬ್ಬಿ. ಒಳಗೊಂದು ಬೆಂಚು, ಅದರ ಮೇಲೆ ಮೂವರು ಮಕ್ಕಳು. ಒಬ್ಬಳು ಬುಟ್ಟಿ ಹಿಡಿದ ಮೀನಿನವಳು, ಒಬ್ಬ ಆಫೀಸಿಗೆ ಹೊರಟವನು, ಮತ್ತೊಬ್ಬ ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಿರುವ ಕೆಲಸಗಾರ. ಈಗ ನಾಲ್ಕನೆಯವಳು ಹತ್ತುತ್ತಾಳೆ. ಮಾತಾಡುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ಆದರೂ ಅವಳಿಗೆ ‘ಫೋರ್ತ್ ಸೀಟ್’ ಸಿಗಬೇಕು.

ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂವರು ಕೂರುವ ಸೀಟಿನ ತುದಿಯಲ್ಲಿ ಅರ್ಧ ಮೈ ಊರಿ, ಇನ್ನರ್ಧವನ್ನು ದಾರಿಗೆ ಬಿಟ್ಟು ಗಂಟೆಗಟ್ಟಲೆ ಹೋಗುವ ಜಾಗ ಅದು. ಕೇಳುವುದಕ್ಕೂ ಒಂದು ರೀತಿ ಇದೆ, ಕೊಡುವುದಕ್ಕೂ ಒಂದು ರೀತಿ ಇದೆ. ಹತ್ತಿದ ಹುಡುಗಿಗೆ ಏಳು ವರ್ಷ. ಬೆಂಚಿನ ತುದಿಗೆ ಬಂದು ನಿಂತಳು. ಮೀನಿನವಳನ್ನು ನೋಡಿದಳು, ಆಮೇಲೆ ಖಾಲಿ ಜಾಗ ನೋಡಿದಳು, ಕತ್ತನ್ನು ಒಂಚೂರು ವಾಲಿಸಿದಳು. ಮೀನಿನವಳು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಆಫೀಸಿನವನು ಸರಿದ. ಕಷ್ಟ ಬಂದದ್ದು ತೂಕಡಿಸುವವನಿಗೆ. ನಿದ್ದೆಯಲ್ಲೂ ಇರಬೇಕು, ಎರಡು ಬೆರಳಿನಷ್ಟು ಜಾಗವನ್ನೂ ಬಿಡಬೇಕು. ನಗು ಗಂಟಲವರೆಗೆ ಬಂದು ಅವನ ಕೆನ್ನೆ ನಡುಗುತ್ತಿತ್ತು. ಕಣ್ಣು ಬಿಗಿದ, ಉಸಿರು ಎಳೆದ, ನಿದ್ದೆಗಣ್ಣಿನಲ್ಲೇ ಕಿಟಕಿಯತ್ತ ವಾಲಿದ. ನಾಲ್ಕನೆಯವಳು ಕುಳಿತಳು.

ಆ ಹುಡುಗ ತಡೆಹಿಡಿದ ನಗುವಿನ ಬಗ್ಗೆ ನಾನು ಹೇಳಬೇಕಾಗಿದೆ.

ಮಕ್ಕಳನ್ನು ನಾಟಕದ ಆಟಕ್ಕೆ ಕರೆತರುವ ತಾಯಂದಿರು ಹೆಚ್ಚಾಗಿ ಹೇಳುವುದು ಒಂದೇ: “ಸ್ವಲ್ಪ ಧೈರ್ಯ ಬರಲಿ ಟೀಚರ್, ನಾಚಿಕೆ ಬಿಡಲಿ.” ಧೈರ್ಯ ಬರುತ್ತದೆ, ನಿಜ. ಆದರೆ ಆಟದೊಳಗೆ ಮಗು ಮಾಡುತ್ತಿರುವ ಮುಖ್ಯ ಕೆಲಸ ಬಿಚ್ಚಿಕೊಳ್ಳುವುದಲ್ಲ, ಹಿಡಿದುಕೊಳ್ಳುವುದು. ನಿದ್ದೆ ಮಾಡುವವನ ಪಾತ್ರ ಮಾಡಲು ಎಚ್ಚರವಾಗಿರುವ ಮೈಯನ್ನು ತಡೆಯಬೇಕು. ತಾನು ಯಾರ ಪಾತ್ರ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಎದುರಿಗಿನವರು ಏನೋ ಹೊಸತು ಮಾಡಿದರೆ ತಾನೂ ತಕ್ಷಣ ಬದಲಾಗಬೇಕು. ತಡೆಯುವುದು, ನೆನಪಿಟ್ಟುಕೊಳ್ಳುವುದು, ಹೊರಳುವುದು: ಈ ಮೂರನ್ನೂ ಒಟ್ಟಾಗಿ ಮನೋವಿಜ್ಞಾನದಲ್ಲಿ ‘ಎಕ್ಸಿಕ್ಯೂಟಿವ್ ಫಂಕ್ಷನ್’ ಎನ್ನುತ್ತಾರೆ. ಮನಸ್ಸಿನ ಯಜಮಾನಿಕೆ ಎಂದುಕೊಳ್ಳಬಹುದು. ಇದರಲ್ಲಿ ದೊಡ್ಡ ಪಾಲು ಹಣೆಯ ಹಿಂದಿರುವ ಮಿದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹಾಗಾಗಿ ಆರು ವರ್ಷದ ಮಗುವಿಗೆ “ಸುಮ್ಮನೆ ಕೂತ್ಕೋ” ಎಂದು ಹೇಳುವುದು ಎಷ್ಟು ಸುಲಭವೋ, ಕೂರುವುದು ಅಷ್ಟೇ ಕಷ್ಟ.

ಇಲ್ಲಿಯೇ ವೇಷ ಕೆಲಸಕ್ಕೆ ಬರುತ್ತದೆ. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್ಸ್‌ಕಿ 1933ರಲ್ಲಿ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಆಟವೆಂದರೆ ಮನಸ್ಸಿಗೆ ಬಂದ ಹಾಗೆ ಮಾಡುವುದು ಎಂದು ನಾವು ತಿಳಿದಿರುತ್ತೇವೆ. ಆದರೆ ಮಗು ತನ್ನ ಮನಸ್ಸಿನ ಸೆಳೆತಕ್ಕೆ ವಿರುದ್ಧವಾಗಿ ನಡೆಯುವುದನ್ನು ಕಲಿಯುವುದೇ ಆಟದಲ್ಲಿ ಎಂದು ಅವನು ವಾದಿಸಿದ. ಡಾಕ್ಟರ್ ಆಟದ ರೋಗಿ ಅಳುತ್ತಾನೆ, ಆಡುವ ಮಗುವಾಗಿ ಖುಷಿಪಡುತ್ತಾನೆ. ಎರಡೂ ಒಂದೇ ಹೊತ್ತಿನಲ್ಲಿ. ಅವನ ಪರಂಪರೆಯ ಮನುಯ್ಲೆಂಕೊ ಎಂಬ ಸಂಶೋಧಕಿ ಇದನ್ನು ಪರೀಕ್ಷೆಗೆ ಇಟ್ಟರು. ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಪುಟ್ಟ ಮಕ್ಕಳಿಗೆ ಅಲ್ಲಾಡದೆ ನಿಲ್ಲಲು ಹೇಳಿದಾಗ ಬೇಗನೆ ಸೋಲುತ್ತಿದ್ದರು. ಅದೇ ಮಕ್ಕಳು ಕಾವಲು ಸೈನಿಕನ ಪಾತ್ರದಲ್ಲಿ ಬಹಳ ಹೆಚ್ಚು ಹೊತ್ತು ನಿಂತರು.

ನಮ್ಮ ಹಾಲ್‌ನಲ್ಲಿ ಸೈನಿಕನಿಲ್ಲ, ಸೊಸೈಟಿಯ ವಾಚ್‌ಮನ್ ಇದ್ದಾನೆ. ಈ ಮಕ್ಕಳು ದಿನಾ ನೋಡುವವನು ಅವನೇ. ಒಬ್ಬ ವಾಚ್‌ಮನ್ ಗೇಟಿನಲ್ಲಿ ನಿಲ್ಲುತ್ತಾನೆ. ಉಳಿದವರು ಕೊರಿಯರ್‌ನವರು, ಹಾಲಿನವರು, ಪಾರಿವಾಳಗಳಾಗಿ ಅವನನ್ನು ನಗಿಸಲು ನೋಡುತ್ತಾರೆ. “ನೇರ ನಿಲ್ಲು” ಎಂದರೆ ಅರೆನಿಮಿಷವೂ ನಿಲ್ಲದ ಮೂರನೇ ಕ್ಲಾಸಿನ ಒಬ್ಬ ಹುಡುಗ, ಕೈಯಲ್ಲಿ ಸ್ಕೇಲ್ ಹಿಡಿದು ವಾಚ್‌ಮನ್ ಆದಾಗ ಕಣ್ಣು ಮಿಟುಕಿಸುವುದಕ್ಕೂ ಲೆಕ್ಕ ಹಾಕುತ್ತಿದ್ದ. ಅವನ ಮೈ ಅದೇ, ಕಾಲು ಅವೇ. ಬದಲಾದದ್ದು, ನಿಲ್ಲಲು ಅವನೊಳಗೇ ಒಂದು ಕಾರಣ ಹುಟ್ಟಿದ್ದು.

2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದಕ್ಕೆ ಹತ್ತಿರದ್ದು. ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಹತ್ತು ನಿಮಿಷದ ಬೇಸರದ ಕೆಲಸ ಕೊಟ್ಟು, ಬೇಕೆನಿಸಿದಾಗ ಪಕ್ಕದ ಟ್ಯಾಬ್ಲೆಟ್‌ನಲ್ಲಿ ಗೇಮ್ ಆಡಲು ಬಿಟ್ಟರು. ಕೆಲವರು ತಾವು ತಾವಾಗಿಯೇ ಇದ್ದರು. ಕೆಲವರು ತಮ್ಮನ್ನು ತಮ್ಮ ಹೆಸರಿನಿಂದಲೇ ಕರೆದು, ಇಂಥವನು ಕಷ್ಟಪಟ್ಟು ಕೆಲಸ ಮಾಡುತ್ತಿದ್ದಾನೆಯೇ ಎಂದು ಕೇಳಿಕೊಂಡರು. ಇನ್ನು ಕೆಲವರು ಬ್ಯಾಟ್‌ಮನ್‌ನಂಥ ವೇಷ ತೊಟ್ಟು, ಬ್ಯಾಟ್‌ಮನ್ ಕಷ್ಟಪಟ್ಟು ಕೆಲಸ ಮಾಡುತ್ತಿದ್ದಾನೆಯೇ ಎಂದು ಕೇಳಿಕೊಂಡರು. ಕೆಲಸಕ್ಕೆ ಹೆಚ್ಚು ಹೊತ್ತು ಅಂಟಿಕೊಂಡವರು ವೇಷದವರೇ. ತನ್ನಿಂದ ತಾನು ಒಂದು ಹೆಜ್ಜೆ ದೂರ ನಿಂತಾಗ ಆಸೆಯ ಎಳೆತ ಸ್ವಲ್ಪ ಸಡಿಲವಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ಯಕ್ಷಗಾನದ ಮನೆತನಗಳಿಂದ ಬಂದ ನಮ್ಮ ಹಿರಿಯರಿಗೆ ಇದು ಅಪರಿಚಿತವೇನಲ್ಲ. ಮುಖ್ಯ ಪ್ರಸಂಗಕ್ಕೆ ಮೊದಲಿನ ಪೂರ್ವರಂಗದಲ್ಲಿ ಕೋಡಂಗಿ ವೇಷ ಕಟ್ಟಿದ ಹುಡುಗರು ರಂಗದ ಶಿಸ್ತನ್ನು ಕಲಿತದ್ದು ಬೈಗುಳದಿಂದಲ್ಲ, ಮುಖಕ್ಕೆ ಬಣ್ಣ ಬಿದ್ದುದರಿಂದ.

ಇನ್ನು ಕನ್ನಡಿ ಆಟ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬರು ಕೈ ಆಡಿಸಿದಂತೆ ಇನ್ನೊಬ್ಬರು ಕನ್ನಡಿಯಾಗಿ ಆಡಿಸಬೇಕು. ಸ್ವಲ್ಪ ಹೊತ್ತಾದ ಮೇಲೆ ಪಾತ್ರ ಅದಲುಬದಲು. ಕೊನೆಗೆ “ಈಗ ಯಾರೂ ಮುಂದಾಳು ಅಲ್ಲ” ಎನ್ನುತ್ತೇನೆ. ರಂಗಭೂಮಿಯವರಿಗೆ ಇದು ನೀರು ಕುಡಿದಷ್ಟು ಪರಿಚಯ. ಆದರೆ ಒಳಗೆ ನಡೆಯುವುದೇನು ಎಂದು ಅಳೆದವರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಲಿಯೋರ್ ನೋಯ್, ಎರೆಜ್ ಡೆಕೆಲ್ ಮತ್ತು ಉರಿ ಅಲೋನ್. ಅವರ ಪ್ರಬಂಧ 2011ರದ್ದು. ಇಬ್ಬರ ಮುಂದೆಯೂ ಒಂದೊಂದು ಹಳಿ, ಹಳಿಯ ಮೇಲೆ ಜಾರುವ ಹಿಡಿಕೆ. ಹಿಡಿಕೆಗಳ ಓಟವನ್ನು ಯಂತ್ರ ಗೆರೆಯಾಗಿ ದಾಖಲಿಸುತ್ತದೆ. ಒಬ್ಬರು ಮುಂದಾಳಾಗಿ ಇನ್ನೊಬ್ಬರು ಹಿಂಬಾಲಿಸಿದಾಗ, ಹಿಂಬಾಲಿಸುವವರ ಗೆರೆಯಲ್ಲಿ ಸೆಕೆಂಡಿಗೆ ಎರಡು ಮೂರು ಸಲ ಸಣ್ಣ ನಡುಕ ಕಾಣುತ್ತದೆ. ಮುಂದಾಳು ಎಲ್ಲಿದ್ದಾನೆಂದು ನೋಡುವುದು, ತಿದ್ದುವುದು, ಮತ್ತೆ ನೋಡುವುದು, ಮತ್ತೆ ತಿದ್ದುವುದು. ಆದರೆ ಪಳಗಿದ ಆಶುನಟರು, ಅಂದರೆ ಮೊದಲೇ ಬರೆದ ಮಾತಿಲ್ಲದೆ ಆ ಕ್ಷಣದಲ್ಲೇ ಕಟ್ಟಿ ಆಡುವ ನಟರು, ಮುಂದಾಳಿಲ್ಲದೆ ಆಡಿದಾಗ ಕೆಲವು ಕ್ಷಣ ಆ ನಡುಕವೇ ಮಾಯ. ಇಬ್ಬರ ಗೆರೆಗಳೂ ನಯವಾಗಿ ಒಂದಾಗಿ ಹರಿಯುತ್ತವೆ. ಹಿಂಬಾಲಿಸುವವನಿಗಿಂತ ಜೊತೆಗಾರ ಹೆಚ್ಚು ನಿಖರ! ಈ ಪ್ರಬಂಧ ಓದಿದಾಗ ನನಗಾದ ಸಂತೋಷ ಇಂದಿಗೂ ನೆನಪಿದೆ. ಕಣ್ಣಿಗೆ ಕಂಡದ್ದನ್ನು ಯಾರೋ ಗೆರೆಯಲ್ಲಿ ಹಿಡಿದಿದ್ದರು.

ಮಕ್ಕಳು ಪಳಗಿದ ನಟರಲ್ಲ. ಅವರಲ್ಲಿ ಆ ನಯ ಬಂದರೆ ಒಂದೆರಡು ಸೆಕೆಂಡು, ಅಷ್ಟೇ. ಆದರೆ ಬರಬೇಕಾದರೆ ಏನು ಮಾಡಬೇಕೆಂದು ಇಷ್ಟು ವರ್ಷಗಳಲ್ಲಿ ಕಲಿತಿದ್ದೇನೆ. ವೇಗ ತಗ್ಗಿಸಬೇಕು. “ಜೇನಿನ ಒಳಗೆ ಕೈ ಆಡಿಸಿ” ಎಂದರೆ ಸಾಕು, ಇಡೀ ಹಾಲ್ ನಿಧಾನವಾಗುತ್ತದೆ. ಕೈಯನ್ನಲ್ಲ, ಎದುರಿಗಿನವರ ಕಣ್ಣನ್ನು ನೋಡಲು ಹೇಳಬೇಕು. ಕೈಗಳು ಕಣ್ಣಂಚಿನಲ್ಲಿ ಕಾಣಿಸುತ್ತವೆ. ಜೊತೆಗಾರನನ್ನು ಸೋಲಿಸಲು ಜೋರಾಗಿ ಕೈ ಬೀಸುವ ಮಗು ಪ್ರತಿ ಗುಂಪಿನಲ್ಲೂ ಒಂದಿರುತ್ತದೆ. ಅದಕ್ಕೆ “ನಿನ್ನ ಕನ್ನಡಿ ಒಡೆಯದ ಹಾಗೆ ನೋಡ್ಕೋ” ಎಂದರೆ ತಕ್ಷಣ ತಿಳಿಯುತ್ತದೆ.

ಹೀಗೆ ಆಟ ನಿಲ್ಲಿಸದೆ ಪಕ್ಕದಿಂದ ಸಣ್ಣ ಮಾತು ಹಾಕುವ ಕ್ರಮವನ್ನು ರೂಢಿಗೆ ತಂದವರು ವಯೋಲಾ ಸ್ಪೋಲಿನ್. 1906ರಲ್ಲಿ ಹುಟ್ಟಿದ ಅವರು ಚಿಕಾಗೋದ ಹಲ್ ಹೌಸ್ ಎಂಬ ಸಮಾಜ ಕೇಂದ್ರದಲ್ಲಿ ನೇವಾ ಬಾಯ್ಡ್ ಎಂಬ ಶಿಕ್ಷಕಿಯ ಬಳಿ ಗುಂಪು ಆಟಗಳನ್ನು ಕಲಿತರು. 1930ರ ದಶಕದ ಕೊನೆಗೆ, ಸರ್ಕಾರಿ ಯೋಜನೆಯೊಂದರಲ್ಲಿ ವಲಸೆ ಬಂದವರ ಬಡ ಮಕ್ಕಳಿಗೆ ನಾಟಕ ಹೇಳಿಕೊಡುವ ಕೆಲಸ ಅವರಿಗೆ ಬಂತು. ಮನೆಯಲ್ಲಿ ಬೇರೆ ಬೇರೆ ನುಡಿ ಆಡುವ ಮಕ್ಕಳು ಅವರು. ಉಪನ್ಯಾಸ ಕೆಲಸಕ್ಕೆ ಬರುತ್ತಿರಲಿಲ್ಲ, ಆಟ ಬಂತು. ಮುಂದೆ ಅಮೆರಿಕದ ಆಶುನಾಟಕ ಬೆಳೆದದ್ದು ಆ ಆಟಗಳಿಂದಲೇ.

ನನ್ನ ಹಾಲ್‌ಗೆ ಇದು ಎಷ್ಟು ಹೊಂದುತ್ತದೆ! ಮನೆಯಲ್ಲಿ ತುಳು, ಅಜ್ಜಿಯ ಜೊತೆ ಕನ್ನಡ, ಕಟ್ಟಡದ ಗೆಳೆಯರ ಜೊತೆ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್; ಇದು ಇಲ್ಲಿನ ಎಷ್ಟೋ ಮಕ್ಕಳ ಒಂದು ದಿನ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಯುವವರೂ ಅವರ ನಡುವೆ ಇದ್ದಾರೆ. ಕನ್ನಡದಲ್ಲಿ ತಪ್ಪಾದರೆ ನಗುತ್ತಾರೆಂದು ಬಾಯಿ ಮುಚ್ಚಿಕೊಂಡ ಮಗು ಕನ್ನಡಿ ಆಟದಲ್ಲಿ ಎಲ್ಲರ ಸಮ. ಮಾತು ಬೇಕಾದಾಗ ನಾನು ‘ಉಲ್ಟಾ’ ಆಡಿಸುತ್ತೇನೆ. “ತಲೆ” ಎಂದರೆ ಕಾಲ್ಬೆರಳು ಮುಟ್ಟಬೇಕು, “ಭುಜ” ಎಂದರೆ ಮೊಣಕಾಲು. ಮಕ್ಕಳ ಸ್ವನಿಯಂತ್ರಣವನ್ನು ಅಳೆಯಲು ಸಂಶೋಧಕರು ಇಂಥದೇ ಆಟವನ್ನು ಪರೀಕ್ಷೆಯಾಗಿ ಬಳಸುತ್ತಾರೆ. ನಮಗೆ ಅದರಿಂದ ಕನ್ನಡದ ಹತ್ತು ಪದಗಳೂ ಬರುತ್ತವೆ.

ಒಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೇನೆ: ಔಟ್ ಮಾಡುವ ಆಟ ಬೇಡ. ಶುರುವಿನ ವರ್ಷ ‘ಸ್ಟ್ಯಾಚ್ಯೂ’ ಆಟದಲ್ಲಿ ಅಲ್ಲಾಡಿದವರನ್ನು ಗೋಡೆ ಪಕ್ಕ ಕೂರಿಸುತ್ತಿದ್ದೆ. ಪ್ರತಿ ವಾರ ಮೊದಲು ಹೋಗಿ ಕೂರುತ್ತಿದ್ದವಳು ಒಬ್ಬಳೇ ಹುಡುಗಿ. ಐದನೇ ವಾರ ಹೆಸರು ಕರೆಯುವ ಮೊದಲೇ ತಾನಾಗಿ ಹೋಗಿ ಕುಳಿತಳು. ಹಿಡಿತ ಕಲಿಯಲು ಅತಿ ಹೆಚ್ಚು ಆಟ ಬೇಕಾದ ಮಗುವಿಗೇ ನಾನು ಅತಿ ಕಡಿಮೆ ಆಟ ಕೊಟ್ಟಿದ್ದೆ. ಈಗ ಅಲ್ಲಾಡಿದ ಪ್ರತಿಮೆ ಶಿಲ್ಪಿಯಾಗುತ್ತದೆ; ಉಳಿದ ಪ್ರತಿಮೆಗಳ ನಡುವೆ ನಡೆದು, ಒಂದರ ಕೈಬೆರಳನ್ನೋ ಗಲ್ಲವನ್ನೋ ತಿದ್ದಿ, ತಾನೂ ಮತ್ತೆ ಕಲ್ಲಾಗಿ ನಿಲ್ಲುತ್ತದೆ.

ಆಟ ಸರ್ವರೋಗಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ನಟಿಸುವ ಆಟದಿಂದ ಬುದ್ಧಿಯೂ ಸಹಾನುಭೂತಿಯೂ ಬೆಳೆಯುತ್ತವೆ ಎಂಬ ಮಾತಿಗೆ ಪುರಾವೆ ಅಂದುಕೊಂಡಷ್ಟು ಗಟ್ಟಿಯಿಲ್ಲ ಎಂದು ಏಂಜಲಿನ್ ಲಿಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ ತೋರಿಸಿದರು. ಆ ಎಚ್ಚರಿಕೆ ನ್ಯಾಯವಾದದ್ದು. ಆನಂತರ ಥಾಲಿಯಾ ಗೋಲ್ಡ್‌ಸ್ಟೀನ್ ಮತ್ತು ಮ್ಯಾಥ್ಯೂ ಲರ್ನರ್ ಬಡ ಕುಟುಂಬಗಳ 97 ಪುಟ್ಟ ಮಕ್ಕಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು: ಒಂದಕ್ಕೆ ನಾಟಕದ ಆಟ, ಒಂದಕ್ಕೆ ಬ್ಲಾಕ್ ಜೋಡಣೆ, ಒಂದಕ್ಕೆ ಕತೆ. ಎಂಟು ವಾರಗಳ ನಂತರ, ಇನ್ನೊಬ್ಬರ ನೋವು ಕಂಡಾಗ ತಾವೇ ಕಂಗೆಡುವುದು ನಾಟಕದ ಗುಂಪಿನಲ್ಲಿ ಕಡಿಮೆಯಾಗಿತ್ತು. ಪರರ ಮನಸ್ಸನ್ನು ಊಹಿಸುವುದರಲ್ಲಿ, ಪರೋಪಕಾರದಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಬಂದದ್ದು ಭಾವನೆಯ ಮೇಲಿನ ಹಿಡಿತ. ನನಗೆ ಇದರಿಂದ ನಿರಾಶೆಯಾಗಲಿಲ್ಲ. ತೂಕಡಿಸುವ ಹುಡುಗನ ಕೆನ್ನೆಯಲ್ಲಿ ನಾನು ಕಂಡದ್ದೂ ಅದೇ ಅಲ್ಲವೇ?

ಜುಲೈನಲ್ಲಿ ರೈಲಿನ ಆಟಕ್ಕೆ ಮಕ್ಕಳೇ ಒಂದು ನಿಯಮ ಸೇರಿಸಿದರು. ಹೊರಗೆ ಮಳೆ ಸುರಿಯುತ್ತಿತ್ತು. “ಟೀಚರ್, ಎಲ್ಲರ ಹತ್ರ ಒದ್ದೆ ಛತ್ರಿ ಇದೆ ಅಂತ ಮಾಡೋಣ. ಒಬ್ಬರ ಛತ್ರಿ ಇನ್ನೊಬ್ಬರ ಬಟ್ಟೆಗೆ ತಾಗಬಾರದು.” ಕೈಯಲ್ಲಿ ಛತ್ರಿಯೇ ಇಲ್ಲ, ತಾಗಿದರೂ ಯಾರಿಗೂ ಕಾಣುವುದಿಲ್ಲ. ದಾದರ್‌ನಲ್ಲಿ ಹದಿನಾಲ್ಕು ಮಂದಿ ಹತ್ತಿದರು. ಫೋರ್ತ್ ಸೀಟ್ ಹಿಡಿದ ಎರಡನೇ ಕ್ಲಾಸಿನವಳು, ಕುರ್ಲಾ, ಘಾಟ್ಕೋಪರ್, ಮುಲುಂಡ್ ದಾಟಿ ಠಾಣೆ ಬರುವವರೆಗೂ ಮುಷ್ಟಿಯನ್ನು ದಾರಿಯತ್ತ ಚಾಚಿ ಹಿಡಿದಿದ್ದಳು. ನಡುವೆ ಒಮ್ಮೆ ಬಗ್ಗಿ, ತುದಿಯಿಂದ ತೊಟ್ಟಿಕ್ಕುವ ನೀರಿಗೆ ಜಾಗ ಬಿಟ್ಟು ತನ್ನ ಕಾಲನ್ನು ಒಳಗೆಳೆದುಕೊಂಡಳು.