ಭಾರದ ಸ್ಲೆಡ್ ಬೇಗ ಇಳಿಯುತ್ತೆ, ಹಾಗಾದ್ರೆ ಗೆಲಿಲಿಯೋ ಹೇಳಿದ್ದು ಸುಳ್ಳಾ?

ಪ್ರಶ್ನೆ: ಮಂಜುಗಡ್ಡೆಯ ಇಳಿಜಾರು ಟ್ರ್ಯಾಕ್‌ನಲ್ಲಿ ಸ್ಲೆಡ್ (ಜಾರುಬಂಡಿ) ಮೇಲೆ ಇಳಿಯುವ ಲೂಜ್, ಬಾಬ್‌ಸ್ಲೆಡ್ ಪಂದ್ಯಗಳಲ್ಲಿ ತೂಕ ಜಾಸ್ತಿ ಇದ್ದವರಿಗೇ ಅನುಕೂಲವಂತೆ. ಭಾರದ್ದು, ಹಗುರದ್ದು ಎಲ್ಲ ಒಂದೇ ಥರ ಬೀಳುತ್ತೆ ಅಂತ ಶಾಲೆಯಲ್ಲಿ ಓದಿದ್ದೆವಲ್ಲ?

ಚಳಿಗಾಲದ ಒಲಿಂಪಿಕ್ಸ್ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಇನ್ನೊಂದು ಸಲ ಹೇಳಿಬಿಡುತ್ತೇನೆ. ಗೆಲಿಲಿಯೋ ಹೇಳಿದ್ದು ಸರಿ. ತೂಕದವರಿಗೆ ಅನುಕೂಲ ಅನ್ನುವುದೂ ಸರಿ. ತಪ್ಪಿರುವುದು ನಾವು ಕೊಡುವ ಕಾರಣ: 'ಭೂಮಿ ಭಾರದ್ದನ್ನು ಜಾಸ್ತಿ ಎಳೆಯುತ್ತೆ, ಅದಕ್ಕೇ ಅದು ಬೇಗ ಇಳಿಯುತ್ತೆ.'

ಜಾಸ್ತಿ ಎಳೆಯುತ್ತದೆ, ಒಪ್ಪಿದೆ. ಆದರೆ ಭಾರದ್ದರ ವೇಗ ಏರಿಸೋಕೂ ಅಷ್ಟೇ ಜಾಸ್ತಿ ಬಲ ಬೇಕು, ಅಲ್ವಾ? ತೂಕ ಎರಡು ಪಟ್ಟು, ಸೆಳೆತ ಎರಡು ಪಟ್ಟು, ವೇಗೋತ್ಕರ್ಷ (ವೇಗ ಏರುವ ದರ) ಮಾತ್ರ ಇದ್ದಷ್ಟೇ. ಸಮೀಕರಣ ಬರೆದು ನೋಡಿ, ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ. ಮಂಜುಗಡ್ಡೆಯ ಘರ್ಷಣೆಯದ್ದೂ ಹೆಚ್ಚುಕಮ್ಮಿ ಇದೇ ಕಥೆ. ತೂಕ ಏರಿದಂತೆ ಅದೂ ಏರುತ್ತದೆ, ಕೊನೆಗೆ ಅಲ್ಲೂ ದ್ರವ್ಯರಾಶಿ ಉಳಿಯುವುದಿಲ್ಲ.

ಹೊಡೆದುಹೋಗದೆ ಉಳಿಯುವುದು ಗಾಳಿಯ ತಡೆ.

ಒಂದೇ ಆಕಾರದ ಎರಡು ಸ್ಲೆಡ್ ತಗೊಳ್ಳಿ. ಸವಾರ ಸೇರಿ ಒಂದು 100 ಕೆಜಿ, ಇನ್ನೊಂದು 125 ಕೆಜಿ. ಎರಡೂ ಒಂದೇ ವೇಗದಲ್ಲಿವೆ, ಗಾಳಿ ಎರಡನ್ನೂ 100 ನ್ಯೂಟನ್ ಬಲದಿಂದ ತಡೆಯುತ್ತಿದೆ ಅಂದುಕೊಳ್ಳಿ. ಎದುರಿಗೆ ಬಂದಿದ್ದರ ತೂಕ ಗಾಳಿಗೆ ಗೊತ್ತಿಲ್ಲ, ಅದಕ್ಕೆ ಆಕಾರ, ವೇಗ ಇಷ್ಟೇ ಲೆಕ್ಕ. 100ನ್ನು 100ರಿಂದ ಭಾಗಿಸಿ: ಹಗುರದ್ದರ ವೇಗ ಗಾಳಿಯಿಂದಾಗಿ ಸೆಕೆಂಡಿಗೆ 1 ಮೀಟರ್/ಸೆಕೆಂಡ್‌ನಷ್ಟು ಕಮ್ಮಿಯಾಗುತ್ತದೆ. 125ರಿಂದ ಭಾಗಿಸಿದರೆ 0.8 ಮಾತ್ರ. ಅನುಕೂಲ ಇರುವುದು ಇಲ್ಲಿ, ಗುರುತ್ವದಲ್ಲಿ ಅಲ್ಲ. ಗಾಳಿಯೇ ಇಲ್ಲದ ಚಂದ್ರನ ಮೇಲೆ ಟ್ರ್ಯಾಕ್ ಕಟ್ಟಿದರೆ ಈ ಅನುಕೂಲ ಮಾಯ.

ಗಾಳಿ ಅಷ್ಟೊಂದು ತಡೆಯುತ್ತಾ ಅಂತ ಅನುಮಾನವೇ? ಕೆನಡಾದ ವಿಸ್ಲರ್ ಟ್ರ್ಯಾಕ್ ಸುಮಾರು 150 ಮೀಟರ್ ಕೆಳಗಿಳಿಯುತ್ತದೆ. ಯಾವ ತಡೆಯೂ ಇಲ್ಲದೆ ಅಷ್ಟು ಇಳಿದರೆ ಗಂಟೆಗೆ 195 ಕಿ.ಮೀ. ಬರಬೇಕು. ಅಲ್ಲಿ ಲೂಜ್ ಮುಟ್ಟಿದ್ದು 150 ಚಿಲ್ಲರೆ. ಉಳಿದದ್ದನ್ನು ಗಾಳಿ ಮತ್ತು ಘರ್ಷಣೆ ಸೇರಿ ತಿಂದಿವೆ. ನಿಯಮ ಮಾಡುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ನಾಲ್ಕು ಜನರ ಬಾಬ್‌ಸ್ಲೆಡ್‌ಗೆ ಸವಾರರೂ ಸೇರಿ 630 ಕೆಜಿ ಮಿತಿ. ಲೂಜ್‌ನಲ್ಲಿ ಸಣಕಲು ಆಟಗಾರರು ಮೈಮೇಲೆ ತೂಕ ಕಟ್ಟಿಕೊಂಡು ಇಳಿಯಬಹುದು.

ಇನ್ನೊಂದಿದೆ, ಯಾರೂ ಕೇಳಿಲ್ಲ, ಆದರೂ ಸುಮ್ನೆ ಬಿಡೋಕೆ ಮನಸ್ಸಿಲ್ಲ. ಗಾಳಿಯದ್ದೇ ಆಟವಾದರೆ ಘರ್ಷಣೆ ಲೆಕ್ಕಕ್ಕಿಲ್ಲವಾ? ಇದೆ. ಸ್ಲೆಡ್ ಅಡಿಯ ಉಕ್ಕಿನ ಪಟ್ಟಿ ಬೆಚ್ಚಗಿದ್ದರೆ ಐಸ್ ಮೇಲೆ ಇನ್ನಷ್ಟು ಸಲೀಸಾಗಿ ಜಾರುತ್ತದೆ. 1968ರ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಮೂವರು ಮಹಿಳೆಯರು ಆ ಪಟ್ಟಿಗಳನ್ನು ಬಿಸಿ ಮಾಡಿದ ಆರೋಪದ ಮೇಲೆ ಲೂಜ್ ಪಂದ್ಯದಿಂದಲೇ ಅನರ್ಹರಾದರು. ಈಗಲೂ ಲೂಜ್‌ನಲ್ಲಿ ಓಟಕ್ಕೆ ಮುಂಚೆ ಅಧಿಕಾರಿಗಳು ಪಟ್ಟಿಯ ಉಷ್ಣತೆ ಅಳೆದೇ ಬಿಡುತ್ತಾರೆ.